ಹುಳದ ಮಾಷ್ಟ್ರಿಗೊಂದು ಹೆಣ್ಣು

ಲೆಕ್ಕ ಕಲಿಸುವ ಮಾಸ್ತರರಿಗೆ ಇಂಥದ್ದು ಆಗುವುದಿಲ್ಲ, ಇತಿಹಾಸ ಕಲಿಸುವವರಿಗೂ ಆಗುವುದಿಲ್ಲ. ಎರೆಹುಳುವಿನ ಬೆನ್ನು ಹತ್ತಿದವನಿಗೆ ಮಾತ್ರ, ಒಂದು ಮುಗಿಯಿತಪ್ಪ ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಆಗುತ್ತಲೇ ಇರುತ್ತದೆ.

ನಾನು ಕುಂದಾಪುರ ಕಡೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಮನೆ ಬ್ರಹ್ಮಾವರದ ಹತ್ತಿರ. ಮನೆಯಲ್ಲಿ ನಾನು ಮತ್ತು ಅಮ್ಮ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮಣ್ಣಿನಡಿ ಯಾವ ಯಾವ ಜಾತಿಯ ಎರೆಹುಳುಗಳಿವೆ, ಒಂದಕ್ಕೂ ಇನ್ನೊಂದಕ್ಕೂ ಒಳಗೆ ಹೊರಗೆ ಏನು ವ್ಯತ್ಯಾಸ ಎಂದು ಹುಡುಕುವುದು ನನ್ನ ಸಂಶೋಧನೆ. ಜನರ ಕಣ್ಣಿಗೆ ಎರೆಹುಳು ಎಂದರೆ ಎಲ್ಲ ಒಂದೇ. ನನ್ನ ಕಣ್ಣಿಗೆ ಒಂದೊಂದೂ ಒಂದೊಂದು ಥರ. ರಜೆ ಸಿಕ್ಕಿದರೆ ಹಾರೆ, ಡಬ್ಬಿ, ಭೂತಗನ್ನಡಿ ಹಿಡಿದು ಹೊರಡುತ್ತೇನೆ.

ಅಮ್ಮನಿಗೆ ಇದ್ದದ್ದು ಒಂದೇ ಆಸೆ, ನನ್ನ ಮದುವೆ. ನನಗೂ ಆಸೆ ಇತ್ತು, ಸುಳ್ಳೇಕೆ ಹೇಳಲಿ? ಕಾಲೇಜಿನಿಂದ ಬಂದು ಅಮ್ಮನ ಎದುರು ಕೂತು ಗಂಜಿ ಉಣ್ಣುವಾಗ, ಇನ್ನೊಂದು ಬಟ್ಟಲು ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು. ಸಂಬಂಧಗಳೇನೋ ಬರುತ್ತಿದ್ದವು. "ಹುಡ್ಗ ಎಂತ ಮಾಡುದ್?" "ಕಾಲೇಜಲ್ಲಿ ಮಾಷ್ಟ್ರ್." ಅಲ್ಲಿಯವರೆಗೆ ಎಲ್ಲ ಚೆಂದ. "ಎಂತದ್ರ ಮೇಲೆ ಓದುದ್?" ಎಂದು ಕೇಳಿದ ಮೇಲೆ ಆ ಕಡೆಯವರು ಮನೆಗೆ ಹೋಗಿ ಫೋನ್ ಮಾಡುತ್ತೇವೆ ಎನ್ನುತ್ತಿದ್ದರು. ಅವರು ಯಾರೂ ಇನ್ನೂ ಮನೆ ಮುಟ್ಟಿದಂತಿಲ್ಲ.

ಜಾತಿ ಕೇಳುವವನು

ಪ್ರಭೇದ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ, ಹಾಗಾಗಿ ನಾನು ಜಾತಿ ಎಂದೇ ಹೇಳುವುದು. ಅದೇ ಎಡವಟ್ಟಾಯಿತು.

ಹಾಲಾಡಿಯಿಂದ ಸ್ವಲ್ಪ ಒಳಗೆ ಒಂದು ಮನೆ. ದನದ ಹಟ್ಟಿಯ ಹಿಂದೆ ಗೊಬ್ಬರದ ಗುಂಡಿ, ಪಕ್ಕದಲ್ಲಿ ಬಾಳೆ. ನೋಡಿದ ಕೂಡಲೇ ಹುಳುಗಳಿಗೆ ಹೇಳಿ ಮಾಡಿಸಿದ ಜಾಗ ಎಂದು ಗೊತ್ತಾಯಿತು. ಅಂಗಳದಲ್ಲಿ ತೆಂಗಿನಗರಿ ಹೆಣೆಯುತ್ತಿದ್ದ ಹೆಂಗಸು ತಲೆ ಎತ್ತಿದರು.

"ಕಾಲೇಜಿಂದ ಬಂದದ್ದ್ ಅಮ್ಮ," ಎಂದೆ. "ಇಲ್ಲಿ ಯಾವ್ ಜಾತಿ ಇತ್ತ್ ಅಂದ್ ಕಾಂಬುಕೆ."

ಅವರ ಮುಖ ಸಣ್ಣದಾಯಿತು. "ಮೊನ್ನೆ ಯಾರೋ ಟೀಚರ್ ಗಣತಿ ಅಂದ್ ಬಂದ್ ಎಲ್ಲ ಬರ್ಕಂಡ್ ಹೋಯ್ರಲೆ. ಜಾತಿ, ಒಳಜಾತಿ, ಫ್ರಿಜ್ ಇತ್ತಾ, ಬೈಕ್ ಇತ್ತಾ, ಎಲ್ಲ ಹೇಳ್ದೆ. ಮತ್ತ್ ಎಂತಕೆ ಬಂದದ್ದ್ ನೀವ್?"

"ನಿಮ್ದಲ್ಲ ಅಮ್ಮ. ಎರಿಹುಳದ್."

ಆ ಹೆಂಗಸು ಗರಿ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಗಡಿಬಿಡಿಯಲ್ಲಿ ವಿವರಿಸತೊಡಗಿದೆ. ಮೇಲ್ಮಣ್ಣಿನ ಕಸದಲ್ಲೇ ಇರುವ ಹುಳುಗಳು ಬೇರೆ, ಮಣ್ಣಿನೊಳಗೆ ಅಡ್ಡಡ್ಡ ಕೊರೆಯುವ ಹುಳುಗಳು ಬೇರೆ, ಆಳಕ್ಕೆ ನೆಟ್ಟಗೆ ಇಳಿಯುವ ಹುಳುಗಳು ಬೇರೆ. ಒಂದರ ಬಣ್ಣ ಕಂದು, ಒಂದು ಬಿಳಿಚು. ಮೇಲಿನವು ತಿನ್ನುವುದು ಕೊಳೆತ ಎಲೆ, ಕೆಳಗಿನವು ತಿನ್ನುವುದು ಮಣ್ಣು.

ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಆಮೇಲೆ ಒಳಗಿದ್ದ ಗಂಡನಿಗೆ ಕೂಗಿ ಹೇಳಿದರು. "ಹ್ವಾಯ್, ಕೇಂಡ್ರಿಯಾ? ನಮ್ದೆಲ್ಲ ಮುಗ್ದ್ ಈಗ ಎರಿಹುಳಕ್ಕೂ ಶುರು ಆಯ್ತಂಬ್ರ್! ಒಂದೇ ಗುಂಡಿಯಗೆ ಒಟ್ಟಿಗೆ ಇದ್ದೋ ಪಾಪ, ಅದನ್ನೂ ಕಾಂಬುಕೆ ಆತಿಲ್ಲೆ ಇವ್ರಿಗೆ!"

ಸಾಸಿವೆ ನೀರು

ಎರೆಹುಳು ಉಸಿರಾಡುವುದು ತೊಗಲಿನಿಂದ. ಅದಕ್ಕೆ ಮೂಗಿಲ್ಲ, ಶ್ವಾಸಕೋಶವಿಲ್ಲ. ಹಾಗಾಗಿ ಸಾಸಿವೆ ಪುಡಿಯನ್ನು ನೀರಿನಲ್ಲಿ ಕದಡಿ ನೆಲಕ್ಕೆ ಸುರಿದರೆ ಮೈ ಚುರುಗುಟ್ಟಿ ಮೇಲೆ ಬರುತ್ತದೆ. ಎತ್ತಿ ಒಳ್ಳೆಯ ನೀರಿನಲ್ಲಿ ತೊಳೆದರಾಯಿತು. ಹಾರೆಯಿಂದ ಅಗೆದರೆ ಹುಳು ತುಂಡಾಗುತ್ತದೆ. ತುಂಡು ಮಾಡಿದರೆ ಎರಡು ಹುಳು ಆಗುತ್ತದೆ ಎಂದು ನಮ್ಮ ಊರಿನಲ್ಲಿ ಎಲ್ಲರೂ ನಂಬಿದ್ದಾರೆ. ಆಗುವುದಿಲ್ಲ. ಬಾಲದ ತುಂಡು ಸಾಯುತ್ತದೆ, ತಲೆಯ ತುಂಡು ಬದುಕಿದರೆ ಅದರ ಪುಣ್ಯ. ಅದಕ್ಕೇ ನಾನು ಆದಷ್ಟು ಸಾಸಿವೆ ನೀರನ್ನೇ ನೆಚ್ಚಿಕೊಳ್ಳುವುದು.

ಬೈಂದೂರಿನ ಹತ್ತಿರ ದೂರದ ನೆಂಟರೊಬ್ಬರ ತೆಂಗಿನ ಹಿತ್ತಲು. ಅವರ ಒಪ್ಪಿಗೆ ಪಡೆದು ನಾಲ್ಕು ಗೂಟ ನೆಟ್ಟೆ, ಸುತ್ತ ದಾರ ಎಳೆದು ಚೌಕ ಮಾಡಿದೆ. ಬಿಸಿಲು ಜೋರಿತ್ತೆಂದು ತಲೆಗೆ ಕೆಂಪು ಬೈರಾಸು ಸುತ್ತಿಕೊಂಡೆ. ಕುಕ್ಕರಗಾಲಿನಲ್ಲಿ ಕೂತು ಸಾಸಿವೆ ನೀರನ್ನು ಚೌಕದೊಳಗೆ ಸುರಿದೆ. ಹುಳುಗಳು ಒಂದೊಂದೇ ಎದ್ದು ಬರತೊಡಗಿದವು. ಎಣಿಕೆ ತಪ್ಪಬಾರದೆಂದು ನಾನು ಬಾಯಲ್ಲೇ ಗುಣುಗುಣು ಎಣಿಸುತ್ತಿದ್ದೆ.

ಗೂಟ, ದಾರ, ಸಾಸಿವೆ, ಕೆಂಪು ಬಟ್ಟೆ, ಬಾಯಲ್ಲಿ ಗುಣುಗುಣು. ಬೇಲಿಯಾಚೆಯಿಂದ ನೋಡಿದವರಿಗೆ ಇದು ಸಂಶೋಧನೆ ಎಂದು ಹೊಳೆಯಬೇಕೆಂದರೆ ಹೇಗೆ ಹೊಳೆದೀತು? ನೋಡಿದ್ದು ಯಾರು ಎಂಬುದು ಆಮೇಲೆ ತಿಳಿಯಿತು. ಅಮ್ಮ ಆ ವಾರವಷ್ಟೇ ಒಂದು ಸಂಬಂಧ ಗೊತ್ತು ಮಾಡಿದ್ದರು, ಆ ಹುಡುಗಿಯ ಸೋದರತ್ತೆ.

"ನಿಮ್ಮ ಮಗ ಮಾಟ ಮಾಡ್ತಾ ಅಂಬ್ರಲೆ," ಎಂದು ಹುಡುಗಿಯ ತಂದೆಯ ಫೋನ್ ಬಂತು. ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. "ನಮ್ಮ ಅಕ್ಕ ಕಣ್ಣಾರೆ ಕಂಡಿರ್. ನೆಲದಿಂದ ಎಂತೆಂತದೋ ಎದ್ದ್ ಬಂತಂಬ್ರ್!" ಅಮ್ಮ ಫೋನಿಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೆ ಹುಳುವಿನ ಮೇಲೆ ಸಿಟ್ಟು ಬರಲಿಲ್ಲ, ನನ್ನ ಕೆಂಪು ಬೈರಾಸಿನ ಮೇಲೆ ಬಂತು.

ಮುಂದಿನ ವಾರ ಆ ಸೋದರತ್ತೆಯೇ ನಮ್ಮ ಮನೆಗೆ ಬಂದರು. ಮನಸ್ಸು ಬದಲಾಯಿತೇನೋ ಎಂದು ಅಮ್ಮ ಗಡಬಡಿಸಿ ಬೆಲ್ಲ ನೀರು ಕೊಟ್ಟರು. ಅವರು ಕುಡಿದು, ಅತ್ತ ಇತ್ತ ನೋಡಿ, ನನ್ನ ಹತ್ತಿರ ಸರಿದು ಸಣ್ಣ ದನಿಯಲ್ಲಿ ಕೇಳಿದರು.

"ಹೆಣ್ಣ್ ಕೊಡುದ್ ಕಷ್ಟ ಮಾರಾಯ್ರೆ, ಬೇಜಾರ್ ಮಾಡ್ಕಂಬೇಡಿ. ಆರೆ ನಮ್ಮ ಹಿತ್ಲಗೂ ಯಾರೋ ಎಂತದೋ ಹೂತಿರ್ ಅಂದ್ ಅನ್ಮಾನ. ಒಂದ್ಸಲ ಬಂದ್ ಎಬ್ಬಿಸಿ ಕೊಡುಕ್ ಆತ್ತಾ?"

ನೆಟ್ಟಗಾಗುವ ಮದ್ದು

ಇದು ಸಣ್ಣದು. ಹುಳುವನ್ನು ಕಾಪಿಟ್ಟು ಅಂಗ ಪರೀಕ್ಷೆ ಮಾಡಬೇಕಾದರೆ ಮೊದಲು ತೆಳು ಆಲ್ಕೋಹಾಲಿನಲ್ಲಿ ನಿಧಾನ ಮಲಗಿಸಬೇಕು. ಹಾಗೆ ಮಲಗಿದ ಹುಳು ನೆಟ್ಟಗೆ ಇರುತ್ತದೆ, ಉಂಗುರ ಎಣಿಸಲು ಸುಲಭ. ನೇರ ಗಟ್ಟಿ ದ್ರಾವಣಕ್ಕೆ ಹಾಕಿದರೆ ಸುರುಳಿ ಸುತ್ತಿಕೊಂಡುಬಿಡುತ್ತದೆ, ಪಾಪ ನೋವೂ ಆಗುತ್ತದೆ.

ನಮ್ಮ ಸೋದರಮಾವನಿಗೆ ಸಂಜೆ ಸ್ವಲ್ಪ ತೆಗೆದುಕೊಳ್ಳುವ ಅಭ್ಯಾಸ. ಅದಕ್ಕಾಗಿ ಅಮ್ಮನ ಬೈಗುಳ ತಿನ್ನದ ದಿನವಿಲ್ಲ. ಒಂದು ದಿನ ಬಂದವರು ನನ್ನ ಮೇಜಿನ ಪಕ್ಕ ನಿಂತು, ತಟ್ಟೆಯಲ್ಲಿ ಹುಳು ಹಾಯಾಗಿ ಉದ್ದಕ್ಕೆ ಮಲಗುವುದನ್ನು ಬಹಳ ಹೊತ್ತು ನೋಡಿದರು.

"ಎಂತ ಹಾಕಿದ್ದ್ ಇದಕ್ಕೆ?"

ಹೇಳಿದೆ.

ಮಾವ ಅಡುಗೆಮನೆಯ ಕಡೆ ತಿರುಗಿ ದೊಡ್ಡ ದನಿ ಮಾಡಿದರು. "ಅಕ್ಕಾ, ಇಲ್ ಬಾ, ಬಂದ್ ಕಾಣ್! ಇದನ್ನ ಕುಡ್ದ್ರೆ ಎಲ್ಲ ಡೊಂಕಾತ್ರ್ ಅಂತೆಯಲೆ? ನಿನ್ನ ಮಗನೇ ಓದಿ ಕಂಡ್ಹಿಡ್ದಿದ್ದ, ನೆಟ್ಟಗ್ ಆಪುದಂಬ್ರ್!"

ಜೋಯಿಸರ ಲೆಕ್ಕ

ಸಂಬಂಧಗಳು ಒಂದರ ಹಿಂದೆ ಒಂದು ತಪ್ಪಿ ಹೋದ ಮೇಲೆ ಅಮ್ಮ ನನ್ನನ್ನು ಜೋಯಿಸರ ಹತ್ತಿರ ಕರೆದುಕೊಂಡು ಹೋದರು. ನನಗೆ ನಂಬಿಕೆ ಅಷ್ಟಕ್ಕಷ್ಟೆ. ಆದರೆ ಅಮ್ಮನ ಮುಖ ನೋಡಿದರೆ ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಅಮಾಸೆಬೈಲಿನಲ್ಲಿ ಹುಳು ಹಿಡಿದು ಬಂದವನು ಹಾಗೇ ಅಮ್ಮನ ಜೊತೆ ಹೊರಟಿದ್ದರಿಂದ ಚೀಲದಲ್ಲಿ ಹುಳುವಿನ ಡಬ್ಬಿ ಇತ್ತು.

ಜೋಯಿಸರು ಜಾತಕ ಬಿಡಿಸುವ ಮೊದಲು ಚೀಲ ನೋಡಿದರು. "ಅದೆಂತದ್ ಮಾಣಿ, ಹಣ್ಣಾ?"

ಅಮ್ಮ ನನ್ನ ಕಾಲು ತುಳಿದರು. ತಡವಾಗಿತ್ತು, ನಾನು ಮುಚ್ಚಳ ತೆಗೆದಿದ್ದೆ.

ಜೋಯಿಸರು ಹಿಂದೆ ಸರಿಯಲಿಲ್ಲ. ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇದೆಂತ, ಒಂದಕ್ಕೆ ಮೈಸುತ್ತ ಪಟ್ಟಿ ಇತ್ತ್, ಇನ್ನೊಂದಕ್ಕೆ ಇಲ್ಲೆ?"

ಯಾರಾದರೂ ಇಂಥ ಪ್ರಶ್ನೆ ಕೇಳಿದರೆ ನನಗೆ ಮೈಮರೆಯುತ್ತದೆ. ಪಟ್ಟಿ ಇರುವುದು ಬೆಳೆದ ಹುಳುವಿಗೆ, ಮೊಟ್ಟೆಯ ಗೂಡು ಕಟ್ಟುವುದು ಆ ಪಟ್ಟಿಯಿಂದಲೇ ಎಂದೆ. ಮರಿಗಳಿಗೆ ಪಟ್ಟಿ ಇರುವುದಿಲ್ಲ. ಪಟ್ಟಿ ಬರುವ ತನಕ ಅದು ಯಾವ ಪಂಗಡದ್ದು ಎಂದು ಖಚಿತವಾಗಿ ಹೇಳುವುದು ಬಹಳ ಕಷ್ಟ ಎಂದೂ ಸೇರಿಸಿದೆ.

ಜೋಯಿಸರು ತೊಡೆ ತಟ್ಟಿದರು. "ಅಷ್ಟೇಯಾ? ಇದಕ್ಕೆ ಜನಿವಾರ ಆಯ್ತ್, ಅದಕ್ಕೆ ಇನ್ನೂ ಆಯ್ಲಿಲ್ಲೆ ಅನ್! ಉಪನಯನ ಆಗದೆ ಗೋತ್ರ ಹೇಳುದ್ ಹ್ಯಾಂಗೆ?"

ಕಾಲೇಜಿನಲ್ಲಿ ನಾನು ಗಂಟೆಗಟ್ಟಲೆ ಬೋರ್ಡಿನ ಮೇಲೆ ಬರೆದು ಹೇಳಿಕೊಡುವುದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದ್ದರು. ಆಮೇಲೆ ನಾವಿಬ್ಬರೂ ಜಾತಕ ಮರೆತು ಡಬ್ಬಿಯಲ್ಲಿದ್ದವುಗಳನ್ನು ಜನಿವಾರದವು, ಇಲ್ಲದವು ಎಂದು ಬೇರೆ ಮಾಡುತ್ತ ಕೂತೆವು. ಅಮ್ಮ ಗಂಟಲು ಕೆರೆದರು, ಕೆಮ್ಮಿದರು, ಕೊನೆಗೆ ಕೇಳಿಯೇಬಿಟ್ಟರು. "ಇವ್ನ ಜಾತಕದಗೆ ಎಂತ ದೋಷ ಇತ್ತ್ ಭಟ್ರೇ? ಹೆಣ್ಣ್ ಎಂತಕೆ ಕೂಡಿ ಬತ್ತಿಲ್ಲೆ?"

ಜೋಯಿಸರು ಜಾತಕವನ್ನು ಹಾಗೇ ಮಡಚಿ ಅಮ್ಮನ ಕೈಗೆ ಕೊಟ್ಟರು. "ಜಾತಕದಗೆ ಎಂತದೂ ದೋಷ ಇಲ್ಲೆ ಅಮ್ಮ. ಹೆಣ್ಣ್ ಕಾಂಬುಕೆ ಹೋಪತ್ತಿಗೆ ಆ ಡಬ್ಬಿಯೊಂದ್ ಮನಿಯಗೆ ಬಿಟ್ಟ್ ಹೋಪುಕೆ ಹೇಳಿ."

ಬಳಿ

ಕೊನೆಯದನ್ನು ಹೇಳುವ ಮೊದಲು ಒಂದು ಮಾತು ತಿಳಿದಿರಬೇಕು. ನಮ್ಮ ಮನೆತನಗಳಲ್ಲಿ ಬಳಿ ಎಂದು ಒಂದಿದೆ, ತಾಯಿಯಿಂದ ಮಕ್ಕಳಿಗೆ ಬರುವಂಥದ್ದು. ಒಂದೇ ಬಳಿಯವರು ಅಣ್ಣ ತಂಗಿಯರ ಲೆಕ್ಕ, ಮದುವೆ ಕೂಡದು. ಹಾಗಾಗಿ ಹೆಣ್ಣಿನ ಕಡೆಯವರು ಮೊದಲು ಕೇಳುವುದೇ ಬಳಿ ಯಾವುದು ಎಂದು. ನಮ್ಮ ಆಡುಮಾತಿನಲ್ಲಿ ಮನೆ ಎಂಬುದು ಮನಿ ಆಗುತ್ತದೆ, ಬಳೆ ಎಂಬುದೂ ಬಳಿ ಆಗುತ್ತದೆ. ಎರೆಹುಳುವಿನ ಮೈಮೇಲಿನ ಉಂಗುರಗಳನ್ನು ನಾನು ರೈತರಿಗೆ ಹೇಳುವುದು ಬಳಿ ಎಂದೇ. ಪಟ್ಟಿ ಯಾವ ಬಳಿಯಿಂದ ಯಾವ ಬಳಿಯ ತನಕ ಇದೆ ಎಂದು ಎಣಿಸಿದರೆ ಹುಳು ಯಾವುದೆಂದು ಹೇಳಲು ಅನುಕೂಲ.

ಆ ಸಲ ಬಂದ ಸಂಬಂಧ ಕುಂದಾಪುರದ್ದು. ಹುಡುಗಿಗೆ ಬ್ಯಾಂಕಿನಲ್ಲಿ ಕೆಲಸ. ಮನೆಯವರ ಎದುರೇ ನಾವಿಬ್ಬರೂ ಸ್ವಲ್ಪ ಮಾತಾಡಿದ್ದೆವು. ನಾನು ಹುಳುವಿನ ವಿಷಯ ಎತ್ತಬಾರದೆಂದು ನಾಲಿಗೆ ಕಚ್ಚಿಕೊಂಡಿದ್ದೆ. ಅವಳೇ ಕೇಳಿದಳು, "ಅದಕ್ಕೆ ಕಣ್ಣಿಲ್ಲೆ ಅಲ್ದಾ? ಹಾಂಗಾರೆ ಬೆಳ್ಕ್ ಬಂದ್ರೆ ಹ್ಯಾಂಗೆ ಗೊತ್ತಾಪುದ್ ಅದಕ್ಕೆ?" ತೊಗಲಿಗೇ ಗೊತ್ತಾಗುತ್ತದೆ ಎಂದೆ. ಅವಳು "ಪಾಪ, ಕಣ್ಣ್ ಮುಚ್ಚಿ ಅಡ್ಗುಕೂ ಆತಿಲ್ಲೆ," ಎಂದಳು. ಅವತ್ತೇ ನನ್ನ ಮನಸ್ಸು ಸೋತಿತು. ಇವಳೂ ತಪ್ಪಿಹೋದರೆ ತಡೆದುಕೊಳ್ಳುವುದು ಕಷ್ಟ ಎಂದು ಮೊದಲ ಸಲ ಹೆದರಿಕೆಯಾಯಿತು.

ಅದೇ ಸಮಯಕ್ಕೆ ಹಟ್ಟಿಯಂಗಡಿಯ ಒಬ್ಬ ವಯಸ್ಸಾದ ಅಮ್ಮ, ಮನೆಯಲ್ಲಿ ಎರೆಗೊಬ್ಬರ ಮಾಡುವವರು, ತಮ್ಮ ತೊಟ್ಟಿಯ ಹುಳು ಯಾವುದೆಂದು ನೋಡಿ ಹೇಳಿ ಎಂದು ಡಬ್ಬಿಯಲ್ಲಿ ಕಳಿಸಿದ್ದರು. ಬಳಿ ಎಣಿಸಿ ಇಡುತ್ತೇನೆ, ಭಾನುವಾರ ಫೋನ್ ಮಾಡಿ ಎಂದಿದ್ದೆ.

ಭಾನುವಾರ ಮಧ್ಯಾಹ್ನ ಹುಳು ಭೂತಗನ್ನಡಿಯಡಿ ಇತ್ತು. ಅಮ್ಮ ಪಕ್ಕದ ಮನೆಗೆ ಹೋಗಿದ್ದರು, ಅವರ ಫೋನ್ ಅಡುಗೆಮನೆಯಲ್ಲಿ ಒಂದೆರಡು ಸಲ ಹೊಡೆದುಕೊಂಡು ನಿಂತಿತು. ಆಮೇಲೆ ನನ್ನದು ಹೊಡೆಯಿತು. ಮುದಿ ದನಿ.

"ಹ್ವಾಯ್, ಹುಳದ ಮಾಷ್ಟ್ರ್ ಅಲ್ದಾ? ನಾನ್ ಹಟ್ಟಿಯಂಗಡಿಯಿಂದ ಮಾತಾಡುದ್. ಬಳಿ ಯಾವ್ದ್ ಅಂದ್ ಕೇಂಬುಕೆ ಮಾಡಿದ್ದ್."

"ಈಗಷ್ಟೇ ಕಂಡೆ ಅಮ್ಮ. ಹದ್ಮೂರ್ನೇ ಬಳಿಯಿಂದ ಹದ್ನೆಂಟ್ರ ತನಕ."

"ಅಷ್ಟ್ ಬಳಿಯಾ!"

"ಒಟ್ಟ್ ಎಣ್ಸಿರೆ ನೂರರ ಮೇಲಿತ್ತ್."

"ಮೂಲ ಎಲ್ಲಿ?"

"ಇಲ್ಲಿದಲ್ಲ ಅಮ್ಮ, ಆಫ್ರಿಕದ್ದ್. ಈಗ ಎಲ್ಲ ಊರಗೂ ಇತ್ತ್."

"ದೇವ್ರೇ! ಬ್ರಹ್ಮಾವರ ಅಂದಿದ್ರ್... ಊಟಕ್ಕೆಲ್ಲ ಹ್ಯಾಂಗೆ?"

"ಎಂತ ಕಿರಿಕಿರಿ ಇಲ್ಲೆ. ಹಳೇ ಸಗಣಿ ಇದ್ರೆ ಸಾಕ್. ಉಪ್ಪ್, ಹುಳಿ, ಖಾರ ಮಾತ್ರ ಹಾಕ್ಬೇಡಿ."

"ಸಗಣಿಯಾ? ಮೈಕೈ ಎಲ್ಲ ಸಮ ಇತ್ತಲೆ? ಹಾರ್ಟಿಂದ್ ಎಂತ ತೊಂದ್ರಿ ಇಲ್ಲೆ ಅಲ್ದಾ?"

ನನಗೆ ಆನಂದವಾಯಿತು. ಕೊನೆಗೂ ಅಂಗರಚನೆ ಕೇಳುವವರೊಬ್ಬರು ಸಿಕ್ಕಿದ್ದರು! "ಹಾರ್ಟ್ ಒಂದಲ್ಲ ಅಮ್ಮ, ಜೋಡಿ ಜೋಡಿ ಇತ್ತ್. ಹಲ್ಲ್ ಮಾತ್ರ ಒಂದೂ ಇಲ್ಲೆ."

"ಈ ಪ್ರಾಯಕ್ಕೇ! ಅಲ್ಲ, ಗಂಡಿನ..."

"ಇದ್ರಗೆ ಗಂಡ್ ಬೇರೆ ಹೆಣ್ಣ್ ಬೇರೆ ಇಲ್ಲೆ ಅಮ್ಮ. ಗಂಡೂ ಹೌದ್, ಹೆಣ್ಣೂ ಹೌದ್."

"ಆಯ್ತ್ ಮಗಾ," ಎಂದು ಅವರು ಬಹಳ ಮೆಲ್ಲಗೆ ಹೇಳಿದರು. "ಮೊಮ್ಮಗ್ಳ ಹತ್ರ ಒಂದ್ ಮಾತ್ ಕೇಂತೆ." ಫೋನಿಟ್ಟರು.

ಗೊಬ್ಬರದ ವಿಷಯವನ್ನು ಮೊಮ್ಮಗಳ ಹತ್ತಿರ ಏಕೆ ಕೇಳಬೇಕು ಎಂದು ಯೋಚಿಸುತ್ತ ಇದ್ದೆ. ಫೋನ್ ಮತ್ತೆ ಹೊಡೆಯಿತು. ಇನ್ನೊಂದು ಮುದಿ ದನಿ. "ಮಾಷ್ಟ್ರೇ, ನಾನ್ ಹಟ್ಟಿಯಂಗಡಿಯಿಂದ. ನಮ್ಮ ತೊಟ್ಟಿ ಹುಳದ್ದ್ ಬಳಿ ಗೊತ್ತಾಯ್ತಾ?"

ಹಾಗಾದರೆ ಮೊದಲು ಬಳಿ ಕೇಳಿದ್ದು ಯಾರು? ಹುಡುಗಿಯ ತಾಯಿಯ ತವರು ಹಟ್ಟಿಯಂಗಡಿ. ತಾಯಿಯ ಕಡೆಯ ಅಜ್ಜಿ ಅಲ್ಲೇ ಇರುವುದು. ಬಳಿ ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚು ಇರುವುದೂ ಆ ಅಜ್ಜಿಗೇ.

ಅಮ್ಮ ಬಂದ ಮೇಲೆ ನಡೆದದ್ದನ್ನು ಹೇಳಿದೆ. ಅಮ್ಮ ಒಂದೊಂದೇ ಕೇಳಿದರು. "ಸಗಣಿ ಅಂದ್ಯಾ?" "ಅಂದೆ." "ಗಂಡೂ ಹೆಣ್ಣೂ ಅಂದ್ಯಾ?" "ಅಂದೆ ಅಮ್ಮ." ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ನನ್ನ ತಲೆ ಸವರಿ ಒಳಗೆ ಹೋದರು. ನಾನು ಹುಡುಗಿಗೆ ಬರೆಯೋಣವೆಂದು ಫೋನ್ ತೆಗೆದೆ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ನಿಮ್ಮ ಅಜ್ಜಿಗೆ ನಾನು ಹೇಳಿದ್ದು ನನ್ನ ವಿಷಯವಲ್ಲ ಎಂದು ಬರೆಯುವಾಗ ಕಣ್ಣು ಮಂಜಾಯಿತು. ಕಳಿಸಲು ಧೈರ್ಯ ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಮ್ಮನ ಫೋನ್ ಹೊಡೆಯಿತು. ಅಜ್ಜಿಯೇ. ಅಮ್ಮ ಸ್ಪೀಕರ್ ಹಾಕಿ, "ಅಮ್ಮ, ಅದ್ ಹುಳದ್ ವಿಷ್ಯ..." ಎಂದು ಶುರು ಮಾಡಿದರು.

"ಹುಳದ್ದ್ ಬಿಡ್ ಮಾರಾಯ್ತಿ, ನಾನ್ ಹೇಳುದ್ ಕೇಣ್," ಎಂದರು ಅಜ್ಜಿ. "ನಿನ್ನ ಮಗ ಒಂದೂ ಅಡ್ಗಿಸ್ಲಿಲ್ಲೆ, ಎಲ್ಲ ಬಾಯ್ಬಿಟ್ಟ್ ಹೇಳ್ದ. ಮಧ್ಯಾಹ್ನದಿಂದ ಕೂಕಂಡ್ ಯೋಚ್ನಿ ಮಾಡ್ದೆ. ಮೂಲ ಆಫ್ರಿಕ ಅಂದ. ಅಡ್ಡಿಲ್ಲೆ, ನಮ್ಮೋರೂ ಬೊಂಬಾಯಿಗೆ ಹೋಯಿ ಹೋಟ್ಲ್ ಮಾಡ್ದೋರೇ, ನಿಮ್ಮ ಹಿರಿಯರ್ ಇನ್ನೂ ಸ್ವಲ್ಪ ದೂರ ಹೋದ್ರ್ ಅಷ್ಟೆ. ಸಗಣಿ ಇದ್ರೂ ಸಾಕ್ ಅಂದ. ಅಂದ್ರೆ ಹಾಕಿದ್ದನ್ನ ಉಂಬ ಹುಡ್ಗ, ನನ್ನ ಅಳಿಯನ್ ಹಾಂಗೆ ಉಪ್ಪ್ ಕಮ್ಮಿ ಖಾರ ಜಾಸ್ತಿ ಅಂದ್ ಬಟ್ಲ್ ದೂಡುದಿಲ್ಲೆ. ಹಲ್ಲ್ ಇಲ್ಲೆ ಅಂದ. ನಂಗೂ ಇಲ್ಲೆ, ಕಟ್ಟಿಸ್ಕಂಬ್ಲಕ್. ಗಂಡೂ ಹೌದ್ ಹೆಣ್ಣೂ ಹೌದ್ ಅಂದ. ಹೊರ್ಗಿನ ಕೆಲ್ಸವೂ ಮಾಡ್ತೆ, ಅಡ್ಗಿ ಮನಿ ಕೆಲ್ಸವೂ ಮಾಡ್ತೆ ಅಂಬುದಲ್ದಾ? ಎಷ್ಟ್ ಮನಿಯಗೆ ಸಿಕ್ತ್ರ್ ಅಂಥ ಹುಡ್ಗ್ರ್!"

ಅಮ್ಮ ನನ್ನ ಮುಖ ನೋಡಿದರು. ನಾನು ಅಮ್ಮನ ಮುಖ ನೋಡಿದೆ. ಅಜ್ಜಿಯ ಹಿಂದೆ ಯಾರೋ ಬಾಯಿಗೆ ಬಟ್ಟೆ ತುರುಕಿಕೊಂಡು ನಗುವ ಸದ್ದು ಕೇಳುತ್ತಿತ್ತು. ಆ ನಗುವಿನ ಗುರುತು ನನಗೆ ಸಿಕ್ಕಿತು, ಭಾನುವಾರವೆಂದು ಹುಡುಗಿ ಅಜ್ಜಿಯ ಮನೆಗೆ ಬಂದಿದ್ದಳು. ಎದೆ ಹಗುರಾಯಿತು.

"ಆರೆ ಒಂದ್ ವಿಷ್ಯ," ಅಜ್ಜಿಯ ದನಿ ಗಟ್ಟಿಯಾಯಿತು. "ಬಳಿ ಕೇಂಡ್ರೆ ಹದ್ಮೂರ್ ಹದ್ನೆಂಟ್ ಅಂದ್ ಎಂತದೋ ಲೆಕ್ಕ ಹೇಳ್ದ, ಹೆಸ್ರ್ ಹೇಳ್ಲಿಲ್ಲೆ. ಅದೊಂದ್ ಮಾತ್ರ ಬಿಡುಕೆ ಆತಿಲ್ಲೆ ಕಾಣ್. ಬಳಿ ಒಂದೇ ಆಯ್ತಾ, ಮದಿ ಆಪುದಿಲ್ಲೆ."

ಅಮ್ಮ ನಮ್ಮ ಬಳಿಯ ಹೆಸರು ಹೇಳಿದರು.

"ಹೌದಾ?" ಎಂದರು ಅಜ್ಜಿ, ದೊಡ್ಡದೊಂದು ಭಾರ ಇಳಿಸಿದವರಂತೆ. "ನಮ್ದಲ್ಲ. ಹಾಂಗಾರೆ ಸಗಣಿ ತಿಂದ್ರೂ ಅಡ್ಡಿಲ್ಲೆ!"